ಖಾಲಿ ಹೊಟ್ಟೆಯಲ್ಲಿ ಬನ್ನಿ

ಭದ್ರಾವತಿಯ ನ್ಯೂ ಟೌನಿನ ಆ ಹಲ್ಲಿನ ಕ್ಲಿನಿಕ್ಕಿಗೆ ಆನ್‌ಲೈನ್ ಪ್ರಚಾರದ ಕೆಲಸಕ್ಕೆಂದು ನಾನು ಮೊದಲ ಸಲ ಹೋದಾಗ ಡಾಕ್ಟರ್ ಮೇಡಂ ನನ್ನನ್ನು ಕೂರಿ ಎನ್ನಲಿಲ್ಲ. ತಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು, "ಭದ್ರಾವತೀಲಿ ಒಳ್ಳೆ ಹಲ್ಲಿನ ಡಾಕ್ಟರ್ ಯಾರು?" ಎಂದು ಅದನ್ನೇ ಕೇಳಿದರು. ಫೋನು ಮೂರು ಹೆಸರು ಹೇಳಿತು. ಮೂರೂ ಶಿವಮೊಗ್ಗದವು.

"ನೋಡಿದ್ರಾ? ನನ್ನ ಕ್ಲಿನಿಕ್ ಒಳಗೇ ನಿಂತು ಕೇಳ್ತಿದೀನಿ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದೀನಿ ಮಾರಾಯ್ರೆ, ಇದಕ್ಕೆ ಮಾತ್ರ ಗೊತ್ತಿಲ್ಲ."

ಹೀಗೆ ನಡೆಯಿತು ಎಂದು ನನ್ನ ನೆನಪು. ಸಂಖ್ಯಾಶಾಸ್ತ್ರ ಓದಿದ ಮೇಲೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಯಾರಾದರೂ "ನನಗೆ ಚೆನ್ನಾಗಿ ನೆನಪಿದೆ" ಎಂದರೆ ಮೊದಲು ಅನುಮಾನ ಹುಟ್ಟುತ್ತದೆ, ಹಾಗೆಂದವನು ನಾನೇ ಆಗಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಕೆಲಸದ ಸಮಯದಲ್ಲಿ ಫೋನಿನಲ್ಲಿ ಟಿಪ್ಪಣಿ ಬರೆದಿಡುತ್ತೇನೆ. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಆ ಟಿಪ್ಪಣಿಗಳಿಂದ ಬಂದದ್ದು. ಬರೀ ನೆನಪಿನಿಂದ ಹೇಳುವ ಕಡೆ ಹಾಗೆಂದೇ ಹೇಳುತ್ತೇನೆ.

ಡಾಕ್ಟರಿಗೆ ಐವತ್ತು ದಾಟಿತ್ತು. ಕಟ್ಟಡದ ಬಾಡಿಗೆ ಕರಾರು ಮುಗಿಯಲು ಮೂರು ತಿಂಗಳಿತ್ತು. ಶಿವಮೊಗ್ಗದಲ್ಲಿ ಹೊಸದಾಗಿ ಶುರುವಾದ ಒಂದು ದೊಡ್ಡ ದಂತ ಆಸ್ಪತ್ರೆಯವರು, ನಮ್ಮಲ್ಲಿಗೇ ಬಂದುಬಿಡಿ ಎಂದು ಅವರನ್ನು ಕರೆದಿದ್ದರು. ಕ್ಲಿನಿಕ್ಕಿನಲ್ಲಿ ಚಿಕಿತ್ಸೆಯ ಕುರ್ಚಿಗಳು ಎರಡಿದ್ದವು. ರೋಗಿಗಳಿಲ್ಲದೆ ಎರಡನೆಯದಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿಟ್ಟು ವರ್ಷ ಕಳೆದಿತ್ತು. ಮೂರು ತಿಂಗಳಲ್ಲಿ ಆ ಬೆಡ್‌ಶೀಟ್ ತೆಗೆಯುವ ಹಾಗೆ ಆಗದಿದ್ದರೆ ಕರಾರು ಮುಂದುವರಿಸುವುದಿಲ್ಲ, ಬಾಗಿಲು ಹಾಕಿ ಶಿವಮೊಗ್ಗದ ಬಸ್ಸು ಹಿಡಿಯುತ್ತೇನೆ ಎಂದು ಡಾಕ್ಟರ್ ನೇರವಾಗಿ ಹೇಳಿದರು.

"ಮತ್ತೆ ಸಿಸ್ಟರ್?" ಎಂದೆ.

"ಶಿವಮೊಗ್ಗದೋರಿಗೆ ಕಂಪ್ಯೂಟರ್ ಬರೋರು ಬೇಕಂತೆ" ಎಂದರು ಡಾಕ್ಟರ್, ಸಿಸ್ಟರ್ ಕಡೆ ನೋಡದೆ.

ಸಿಸ್ಟರ್ ಎಂದರೆ ಅಲ್ಲಿನ ಸಹಾಯಕಿ. ಹದಿನೆಂಟು ವರ್ಷದಿಂದ ಅಲ್ಲಿಯೇ ಇದ್ದರು. ಉಪಕರಣಗಳನ್ನು ಕುದಿಸುವುದು, ರಿಜಿಸ್ಟರ್ ಬರೆಯುವುದು, ಫೋನ್ ಎತ್ತುವುದು, ಹೆದರಿದವರ ಕೈ ಹಿಡಿಯುವುದು ಎಲ್ಲವೂ ಅವರದೇ. ತಂದೆ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರೊಂದಿಗೆ ತೆಲುಗು. ಅಂದು ಅವರು ಬೇಸಿನ್ನಿನ ಬಳಿ ನಿಂತು ಕೈಗವಸು ಬಿಚ್ಚುತ್ತಿದ್ದರು. ಡಾಕ್ಟರ್ ಹೇಳಿದ್ದು ಕೇಳಿಸದಿರಲು ಸಾಧ್ಯವೇ ಇರಲಿಲ್ಲ.

ಮೊದಲ ವಾರದ ಕೆಲಸ ಸಣ್ಣದು, ಆದರೆ ಬೇಸರದ್ದು. ಮ್ಯಾಪಿನಲ್ಲಿ ಕ್ಲಿನಿಕ್ಕಿನ ಗುರುತು ಎರಡು ರಸ್ತೆ ಆಚೆ, ಮುಚ್ಚಿಹೋದ ಒಂದು ಸೈಕಲ್ ಅಂಗಡಿಯ ಮೇಲೆ ಕೂತಿತ್ತು. ಅದನ್ನು ಸರಿಪಡಿಸಲು ರಸ್ತೆ, ಬೋರ್ಡು, ಬೀಗ ತೆಗೆಯುವುದು ಎಲ್ಲವನ್ನೂ ಒಂದೇ ವಿಡಿಯೊದಲ್ಲಿ ತೋರಿಸಿ ಮ್ಯಾಪಿನ ಕಂಪನಿಗೆ ಕಳಿಸಬೇಕು. ಸಿಸ್ಟರ್ ಶಟರ್ ಎತ್ತುವಾಗಲೆಲ್ಲ ಕ್ಯಾಮೆರಾ ಕಡೆ ತಿರುಗಿ ಫೋಟೊಗೆ ನಿಂತ ಹಾಗೆ ನೆಟ್ಟಗೆ ನಿಂತುಬಿಡುತ್ತಿದ್ದರು. ನಾಲ್ಕನೆಯ ಸಲಕ್ಕೆ ವಿಡಿಯೊ ಸರಿಯಾಯಿತು.

ಎರಡನೆಯದು, ಜನ ಏನೆಂದು ಹುಡುಕುತ್ತಾರೆ ಎಂಬುದು. ಈಗ ಹುಡುಕುವವರು ಪರದೆಯ ಮೇಲೆ ಬರುವ ಹತ್ತು ಹೆಸರುಗಳನ್ನು ಓದುತ್ತಾ ಕೂರುವುದಿಲ್ಲ. ಬಾಯಲ್ಲಿ ಪ್ರಶ್ನೆ ಕೇಳುತ್ತಾರೆ, ಫೋನು ಕೊಡುವ ಒಂದು ಉತ್ತರವನ್ನು ನಂಬುತ್ತಾರೆ. ಆ ಉತ್ತರ ಎಲ್ಲಿಂದಲೋ ಬರಬೇಕಲ್ಲ. ಪ್ರಶ್ನೆಗಳನ್ನು ಪಟ್ಟಿ ಮಾಡಲು ನಾನು ಒಂದು ಸಾಫ್ಟ್‌ವೇರ್ ತೆರೆದೆ. ಸಿಸ್ಟರ್ ಪಕ್ಕದಲ್ಲಿ ಹತ್ತಿ ಸುತ್ತುತ್ತಾ ಕೂತಿದ್ದವರು ಹೇಳತೊಡಗಿದರು: "ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಮಂಜಾಗುತ್ತಾ? ಬಸುರಿ ಹೆಂಗಸು ಹಲ್ಲು ತೋರಿಸ್ಬಹುದಾ? ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತೆ, ಹೌದಾ? ಲವಂಗದೆಣ್ಣೆ ಎಷ್ಟು ದಿನ ಹಾಕ್ಬಹುದು?" ನಿಲ್ಲದೆ ಮೂವತ್ತು ಪ್ರಶ್ನೆ ಹೇಳಿದರು. ನನ್ನ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಅವುಗಳಲ್ಲಿ ಆರು ಮಾತ್ರ ಇದ್ದವು. ಡಾಕ್ಟರ್ ಒಂದೊಂದಕ್ಕೂ ಎರಡು ಮೂರು ಸಾಲಿನ ಉತ್ತರ ಕೊಟ್ಟರು. ಅವನ್ನು ಅದೇ ಆಡುಮಾತಿನಲ್ಲಿ ಕ್ಲಿನಿಕ್ಕಿನ ವೆಬ್‌ಸೈಟಿಗೆ ಹಾಕಿದೆ.

ಒಂದು ವಿಷಯದಲ್ಲಿ ಡಾಕ್ಟರ್ ಬಗ್ಗಲಿಲ್ಲ. ಚಿಕಿತ್ಸೆಗೆ ಮೊದಲಿನ ಬಾಯಿ, ನಂತರದ ಬಾಯಿ ಎಂದು ಜೋಡಿ ಫೋಟೊ ಹಾಕೋಣ, ಶಿವಮೊಗ್ಗದಲ್ಲಿ ಎಲ್ಲರೂ ಹಾಕುತ್ತಾರೆ ಎಂದೆ.

"ಆ ಹಲ್ಲು ಅವರದ್ದು, ನಂದಲ್ಲ" ಎಂದರು. ಆ ಮಾತು ಅಲ್ಲಿಗೇ ಮುಗಿಯಿತು.

ಬಂದವರಿಗೆ ಒಂದು ಫಾರ್ಮ್ ಕೊಡುವ ಪದ್ಧತಿಯನ್ನೂ ಶುರು ಮಾಡಿದೆ. ಅದರ ಕೊನೆಯ ಪ್ರಶ್ನೆ: ನಮ್ಮ ಬಗ್ಗೆ ಹೇಗೆ ಗೊತ್ತಾಯಿತು? ಮ್ಯಾಪ್, ಜಾಹೀರಾತು, ಪರಿಚಯದವರು, ಇತರೆ. ಯಾವ ಜಾಹೀರಾತು ಕೆಲಸ ಮಾಡುತ್ತಿದೆ ಎಂದು ತಿಳಿಯಲು ನನಗಿದ್ದ ದಾರಿ ಅದೊಂದೇ.

"ಹಲ್ಲು ನೋವು ಇಟ್ಕೊಂಡು ಬಂದೋರಿಗೆ ಪರೀಕ್ಷೆ ಪೇಪರ್ ಕೊಡ್ತೀರಲ್ಲ ಸಾರ್" ಎಂದರು ಸಿಸ್ಟರ್. ಆದರೂ ಪ್ರತಿಯೊಬ್ಬರಿಂದಲೂ ತುಂಬಿಸಿಟ್ಟರು.

ಎರಡನೇ ತಿಂಗಳಿಗೆ ಫೋನು ರಿಂಗಾಗಲು ಶುರುವಾಯಿತು. ತೊಂದರೆಯೂ ಅಲ್ಲಿಂದಲೇ ಶುರುವಾಯಿತು. ಹಲ್ಲು ಕೀಳಲು ಎಷ್ಟಾಗುತ್ತದೆ ಎಂದು ಯಾರಾದರೂ ಕೇಳಿದರೆ ಸಿಸ್ಟರ್ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಯಾವ ಹಲ್ಲು, ತಣ್ಣೀರಿಗೆ ಜುಮ್ ಅನ್ನುತ್ತಾ ಬಿಸಿಗಾ, ಸಕ್ಕರೆ ಕಾಯಿಲೆ ಇದೆಯಾ, ಯಾವ ಮಾತ್ರೆ, ಜೊತೆಗೆ ಯಾರು ಬರ್ತಾರೆ ಎಂದು ಅವರನ್ನೇ ಕೇಳುತ್ತಿದ್ದರು. ಒಂದು ಕರೆಗೆ ಏಳು ನಿಮಿಷ. ಅಷ್ಟರಲ್ಲಿ ಬೇರೆ ಎರಡು ಕರೆಗಳು ತಪ್ಪಿಹೋಗುತ್ತಿದ್ದವು. ಕೆಲವರಿಗೆ, "ಊದ್ಕೊಂಡಿದ್ರೆ ಇವತ್ತೇ ಬನ್ನಿ. ಊತ ಇಲ್ಲಾಂದ್ರೆ ನಾಳೆ ಬೆಳಿಗ್ಗೆ ತಿಂಡಿ ತಿಂದು ನಿಧಾನಕ್ಕೆ ಬನ್ನಿ" ಎನ್ನುತ್ತಿದ್ದರು. ಜಾಹೀರಾತು ಕೊಟ್ಟು ತಂದ ಕರೆಗಳನ್ನು ಹೀಗೆ ನಾಳೆಗೆ ತಳ್ಳುವುದು ನನಗೆ ಸಹಿಸಲಾಗಲಿಲ್ಲ.

ಹಾಗಾಗಿ ವಾಟ್ಸಾಪಿನಲ್ಲಿ ತಾನಾಗಿ ನಡೆಯುವ ಬುಕಿಂಗ್ ಮಾಡಿದೆ. ಸಂದೇಶ ಕಳಿಸಿದರೆ ಕನ್ನಡವೋ ಇಂಗ್ಲಿಷೋ ಎಂದು ಕೇಳುತ್ತದೆ, ಖಾಲಿ ಇರುವ ಸಮಯ ತೋರಿಸುತ್ತದೆ, ಒತ್ತಿದರೆ ಬುಕ್ ಆಗುತ್ತದೆ. ಬರಬೇಕಾದ ದಿನ ಬೆಳಿಗ್ಗೆ ಒಂದು ಸಲ ನೆನಪಿಸುತ್ತದೆ. ಶಿವಮೊಗ್ಗದ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಹಿಂದೆ ಇದನ್ನೇ ಮಾಡಿಕೊಟ್ಟಿದ್ದೆ. ಆ ಸಂದೇಶಗಳನ್ನೇ ತಂದು, ಹೆಸರು ಬದಲಿಸಿ, ಹಲ್ಲಿಗೆ ಸಂಬಂಧಪಡದ ಸಾಲುಗಳನ್ನು ಅಳಿಸಿ ಹಾಕಿದೆ.

ಮೊದಲ ವಾರವೇ ಬುಕಿಂಗ್ ಎರಡು ಪಟ್ಟಾಯಿತು. ಗ್ರಾಫಿನ ಚಿತ್ರವನ್ನು ಡಾಕ್ಟರಿಗೆ ಕಳಿಸಿದೆ. ಅವರು ಕೈ ಮುಗಿಯುವ ಗುರುತು ಕಳಿಸಿದರು. ಎರಡನೇ ವಾರದಲ್ಲಿ ಒಂದು ದಿನ ಒಂಬತ್ತು ಜನ ಬುಕ್ ಮಾಡಿದ್ದರು, ಬಂದವರು ಇಬ್ಬರು. ಮರುದಿನ ಎಂಟರಲ್ಲಿ ಮೂವರು. ಜನ ಮರೆಯುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಒಂದು ಸಲದ ಬದಲು ಎರಡು ಸಲ ನೆನಪಿಸುವಂತೆ ಮಾಡಿದೆ. ಬರುವವರು ಇನ್ನೂ ಕಡಿಮೆಯಾದರು.

"ಏನೋ ಇದೆ ಸಾರ್" ಎಂದರು ಸಿಸ್ಟರ್. "ಒಂದ್ ನಾಲ್ಕು ಜನಕ್ಕೆ ಫೋನ್ ಮಾಡಿ ಕೇಳ್ಲಾ?"

"ಬೇಡ. ಇನ್ನೊಂದು ವಾರದ ಡೇಟಾ ಬರಲಿ" ಎಂದೆ. ಇದು ನೆನಪಲ್ಲ, ಟಿಪ್ಪಣಿಯಲ್ಲಿಯೇ ಇದೆ.

ಆ ವಾರ ಮುಗಿಯುವ ಮೊದಲೇ ಒಂದು ಗುರುವಾರ ನಾನು ಹನ್ನೊಂದೂವರೆಗೆ ಕ್ಲಿನಿಕ್ಕಿಗೆ ಹೋದೆ. ಕಾರ್ಖಾನೆಯ ಎರಕದ ವಿಭಾಗದಿಂದ ನಿವೃತ್ತರಾದ ಒಬ್ಬರು ಹೆಂಡತಿಯ ಜೊತೆ ಹಲ್ಲು ಕೀಳಿಸಲು ಬಂದು ಕುರ್ಚಿಯಲ್ಲಿ ಕೂತಿದ್ದರು. ಡಾಕ್ಟರ್ ಸೂಜಿಯನ್ನು ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ. ರೋಗಿಯ ಹಣೆಯಿಂದ ಬೆವರು ಇಳಿಯತೊಡಗಿತು, ಕೈ ನಡುಗಿತು. ಹೆಸರೇನು ಎಂದು ಕೇಳಿದರೆ, "ಶಿಫ್ಟ್ ಆಯ್ತಾ?" ಎಂದರು.

ಡಾಕ್ಟರ್ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರು. ಸಿಸ್ಟರ್ ಅಷ್ಟರಲ್ಲಿ ಡ್ರಾಯರಿನಿಂದ ಸಕ್ಕರೆ ಅಳೆಯುವ ಯಂತ್ರ ತೆಗೆದು ಅವರ ಬೆರಳಿಗೆ ಚುಚ್ಚಿಯಾಗಿತ್ತು. ಅಂಕಿ ತೀರಾ ಕೆಳಗಿತ್ತು. ನುಂಗಲು ಆಗುತ್ತದೆಯೇ ಎಂದು ಡಾಕ್ಟರ್ ನೋಡಿಕೊಂಡರು. ಅವರ ತಲೆಯನ್ನು ಸ್ವಲ್ಪ ಎತ್ತಿ ಹಿಡಿದರು. ಸಿಸ್ಟರ್ ಗ್ಲೂಕೋಸ್ ನೀರನ್ನು ಚಮಚದಲ್ಲಿ ಕುಡಿಸಿದರು. "ನುಂಗಿ ಅಣ್ಣಾ, ಇನ್ನೊಂದು, ಹಾಂ, ಇನ್ನೊಂದು." ಅವಸರವಿಲ್ಲ, ಗಾಬರಿಯಿಲ್ಲ. ಹದಿನೈದು ನಿಮಿಷದ ನಂತರ ಮತ್ತೆ ಚುಚ್ಚಿ ನೋಡಿದರು. ಆ ಹದಿನೈದು ನಿಮಿಷ ನಾನು ಗೋಡೆಗೆ ಒರಗಿ ನಿಂತಿದ್ದೆ. ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಆ ಎರಡು ಜೊತೆ ಕೈಗಳು ಒಂದನ್ನೊಂದು ಕೇಳದೆ ಕೆಲಸ ಮಾಡುವುದನ್ನು ನೋಡುತ್ತಿದ್ದೆ.

ಆ ಮನುಷ್ಯ ಕಣ್ಣರಳಿಸಿ ಹೆಂಡತಿಯನ್ನು ನೋಡಿ, "ಯಾಕೆ ಅಳ್ತೀಯೇ?" ಎಂದ ಮೇಲೆ ಡಾಕ್ಟರ್ ಆಕೆಯನ್ನು ಕೇಳಿದರು: "ಶುಗರ್ ಮಾತ್ರೆ ತಗೊಂಡು ಏನೂ ತಿಂದಿಲ್ವಾ ಇವರು?"

"ನೀವೇ ತಾನೆ ಮೇಡಂ ಮೆಸೇಜ್ ಕಳ್ಸಿದ್ದು? ಎರಡು ಸಲ ಬಂತು, ಖಾಲಿ ಹೊಟ್ಟೇಲಿ ಬನ್ನಿ ಅಂತ. ಕಾಫಿ ಕೇಳಿದ್ರು, ಅದೂ ಕೊಡ್ಲಿಲ್ಲ ನಾನು" ಎಂದು ಆಕೆ ಫೋನು ಮುಂದೆ ಹಿಡಿದರು.

"ಆ ಸಾಲು ನಾನು ತೆಗೆದಿದ್ದೆ" ಎಂದೆ. ಜೋರಾಗಿಯೇ ಹೇಳಿದೆ. ತೆಗೆದ ಕ್ಷಣ ಕಣ್ಣ ಮುಂದಿತ್ತು: ಶಿವಮೊಗ್ಗದ ನವುಲೆಯ ನನ್ನ ಆಫೀಸು, ಮಧ್ಯಾಹ್ನದ ಬಿಸಿಲು, ಆ ಸಾಲಿನ ಮೇಲೆ ಕರ್ಸರ್ ಎಳೆದದ್ದು. ಸಿಸ್ಟರಿಗೆ ತೋರಿಸಿ ಒಪ್ಪಿಗೆ ಪಡೆದದ್ದೂ ನೆನಪಿತ್ತು.

"ನಂಗೆ ಏನೂ ತೋರ್ಸಿಲ್ಲ ಸಾರ್" ಎಂದರು ಸಿಸ್ಟರ್ ಮೆತ್ತಗೆ.

ಲ್ಯಾಪ್‌ಟಾಪ್ ತೆರೆದೆ. ಬದಲಾವಣೆಗಳ ದಾಖಲೆ ಅದರಲ್ಲಿರುತ್ತದೆ. ಲ್ಯಾಬಿನ ರಕ್ತ ಪರೀಕ್ಷೆಗೆಂದು ಬರೆದಿದ್ದ ಆ ಸಾಲನ್ನು ಇಂಗ್ಲಿಷ್ ಸಂದೇಶದಿಂದ ತೆಗೆದಿದ್ದೆ. ಕನ್ನಡದ್ದರಲ್ಲಿ ತೆಗೆದಿರಲಿಲ್ಲ. ಅಲ್ಲಿ ಇಂಗ್ಲಿಷ್ ಒತ್ತುವವರು ಯಾರು? ಫೋನಿನ ಟಿಪ್ಪಣಿಯಲ್ಲಿ 'ಸಿಸ್ಟರಿಗೆ ತೋರಿಸಬೇಕು' ಎಂದಿತ್ತು. ಎದುರಿನ ಚೌಕದಲ್ಲಿ ಗುರುತು ಹಾಕಿರಲಿಲ್ಲ. ಮಾಡಬೇಕೆಂದುಕೊಂಡದ್ದನ್ನು ಮಾಡಿದ್ದೇನೆ ಎಂದೇ ತಲೆ ಬರೆದುಕೊಂಡಿತ್ತು, ಬಿಸಿಲನ್ನೂ ಸೇರಿಸಿ.

ಡಾಕ್ಟರ್ ಆ ಹೆಂಗಸಿನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. "ತಪ್ಪು ನಮ್ಮ ಕ್ಲಿನಿಕ್ಕಿಂದಮ್ಮಾ. ಹಲ್ಲು ಕೀಳೋಕೆ ಉಪವಾಸ ಬೇಡ. ಸಕ್ಕರೆ ಇರೋರಂತೂ ತಿಂದೇ ಬರ್ಬೇಕು. ನಮ್ಮಿಂದ ತಪ್ಪು ಮೆಸೇಜ್ ಬಂದಿದೆ." ನಮ್ಮಿಂದ ಎಂದರು. ನನ್ನ ಕಡೆ ಬೆರಳಿರಲಿ, ಕಣ್ಣೂ ತಿರುಗಿಸಲಿಲ್ಲ.

ಡಾಕ್ಟರ್ ಅವರಿಬ್ಬರನ್ನೂ ಆಟೊ ಹತ್ತಿಸಿ ಬರುವಷ್ಟರಲ್ಲಿ ನಾನು ಸಾಲು ಅಳಿಸಿಯಾಗಿತ್ತು. "ಸರಿಯಾಯ್ತು ಮೇಡಂ. ಎಲ್ಲರಿಗೂ ಒಂದು ತಿದ್ದುಪಡಿ ಮೆಸೇಜ್ ಈಗಲೇ ಕಳಿಸ್ತೀನಿ."

"ಎಷ್ಟು ಜನಕ್ಕೆ ಹೋಗಿದೆ?"

"ಬಂದು ಹೋದವರನ್ನು ಬಿಟ್ರೆ ನಲವತ್ತೊಂದು."

"ಮೆಸೇಜ್ ಬೇಡ. ಮೆಸೇಜ್ ಓದಿ ತಾನೇ ಅವರು ಬಿದ್ದಿದ್ದು? ಇವತ್ತೇ ಎಲ್ಲರಿಗೂ ಫೋನ್ ಮಾಡ್ಬೇಕು. ಏನಾಯ್ತು ಅಂತ ಇದ್ದ ಹಾಗೇ ಹೇಳ್ಬೇಕು."

ಹಾಗೆ ಹೇಳಿದರೆ ಸುದ್ದಿ ಊರೆಲ್ಲ ಹರಡುತ್ತದೆ, ಕರಾರಿಗೆ ಐದು ವಾರ ಉಳಿದಿದೆ ಎಂದೆ. ನನ್ನ ವೃತ್ತಿಯಲ್ಲಿ ಇಂಥ ಸಂದರ್ಭಕ್ಕೆ ಕಲಿಸುವುದು ಸುಮ್ಮನಿರುವುದನ್ನೇ.

"ಹರಡ್ಲಿ ಬಿಡಿ. ನಾಳೆ ಇನ್ನೊಬ್ರು ಖಾಲಿ ಹೊಟ್ಟೇಲಿ ಬಂದು ಬೀಳೋದು ಬೇಡ" ಎಂದು ಡಾಕ್ಟರ್ ಕೈ ತೊಳೆಯಲು ಹೋದರು. ಮಧ್ಯಾಹ್ನದ ಬುಕಿಂಗ್ ಎಲ್ಲ ನಿಲ್ಲಿಸಿದರು.

ಸಿಸ್ಟರ್ ಪಟ್ಟಿ ಹಿಡಿದು ಕೂತರು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ. ಒಬ್ಬೊಬ್ಬರ ಎದುರೂ ಗುರುತು ಹಾಕುವುದಷ್ಟೇ ನನ್ನ ಕೆಲಸ.

"ನಾನು ಹಲ್ಲಿನ ಕ್ಲಿನಿಕ್ ಸಿಸ್ಟರ್ ಮಾತಾಡ್ತಿರೋದು. ತಿಂಡಿ ಆಯ್ತಾ? ಆಯ್ತಲ್ಲ, ಒಳ್ಳೇದು. ನಮ್ಮ ಕಡೆಯಿಂದ ಒಂದು ತಪ್ಪು ಮೆಸೇಜ್ ಬಂದಿದೆ ನಿಮ್ಗೆ..." ಆ ಕಡೆಯ ಒಂದು ಉತ್ತರದಲ್ಲೇ ಮನೆಯ ಭಾಷೆ ಗುರುತಿಸಿ ತಮಿಳಿಗೋ ತೆಲುಗಿಗೋ ಜಾರುತ್ತಿದ್ದರು. ಮುಚ್ಚಿಡದೆ ಹೇಳುತ್ತಿದ್ದರು: ಒಬ್ಬರಿಗೆ ತಲೆ ಸುತ್ತಿತು, ಈಗ ಚೆನ್ನಾಗಿದ್ದಾರೆ. ಅಲ್ಲಿಗೆ ನಿಲ್ಲದೆ, "ಮತ್ತೆ ಅವತ್ತು ಯಾಕೆ ಬರ್ಲಿಲ್ಲ ನೀವು?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ನಾನು ಎರಡು ವಾರ ಗ್ರಾಫಿಗೆ ಕೇಳಿದ್ದೆ.

ಉತ್ತರಗಳು ಸ್ಪೀಕರಿನಲ್ಲಿ ಒಂದೊಂದಾಗಿ ಬಂದವು. "ಖಾಲಿ ಹೊಟ್ಟೆ ಅಂದ್ರೆ ಆಪರೇಷನ್ನೇ ಇರ್ಬೇಕು ಅಂತ ಹೆದರ್ಕೊಂಡ್ವಿ ಸಿಸ್ಟರ್." "ನಾಲ್ಕು ಗಂಟೆಗೆ ಟೈಮ್ ಕೊಟ್ಟು ಏನೂ ತಿನ್ಬೇಡಿ ಅಂದ್ರೆ ಹೆಂಗವ್ವಾ? ಮಧ್ಯಾಹ್ನ ಮುದ್ದೆ ಉಂಡ್ಬಿಟ್ಟೆ, ಇನ್ನು ಹೋಗಿ ಏನ್ ಮಾಡೋದು ಅಂತ ಸುಮ್ನಾದೆ." ಒಬ್ಬಾಕೆ ಬಂದು, ಬೆಳಿಗ್ಗೆ ಒಂದು ಬಾಳೆಹಣ್ಣು ತಿಂದಿದ್ದೇನಲ್ಲ ಎಂದು ಬಾಗಿಲಿನಿಂದಲೇ ವಾಪಸು ಹೋಗಿದ್ದಳಂತೆ.

ಜನ ಮರೆತಿರಲಿಲ್ಲ. ನಾವು ಹೇಳಿದ್ದನ್ನು ನಂಬಿದ್ದರು. ಎರಡನೇ ಸಲ ನೆನಪಿಸಿದಾಗ ಇನ್ನಷ್ಟು ಗಟ್ಟಿಯಾಗಿ ನಂಬಿದ್ದರು.

ಸಂಜೆ ಆರಕ್ಕೆ ನಲವತ್ತೊಂದನೆಯ ಹೆಸರಿಗೆ ಗುರುತು ಹಾಕಿದೆ. ಸಿಸ್ಟರ್ ಗಂಟಲು ಬಿದ್ದುಹೋಗಿತ್ತು. ಫೋನಿನಲ್ಲೇ ಹತ್ತೊಂಬತ್ತು ಜನ ಹೊಸ ದಿನ ಕೇಳಿದ್ದರು. ನಾನು ಪಟ್ಟಿಯನ್ನೇ ನೋಡುತ್ತಿರುವುದನ್ನು ಕಂಡು ಸಿಸ್ಟರೇ ಅಂದರು: "ಬಿಡಿ ಸಾರ್. ಹದಿನೆಂಟು ವರ್ಷದಲ್ಲಿ ನಾನೂ ಒಂದ್ಸಲ ಮೇಲಿನ ಹಲ್ಲಿನ ಸೆಟ್ ಒಬ್ರಿಗೆ, ಕೆಳಗಿಂದು ಇನ್ನೊಬ್ರಿಗೆ ಕೊಟ್ಟು ಕಳ್ಸಿದೀನಿ. ಮೂರು ದಿನ ಇಬ್ರೂ ಅಡ್ಜಸ್ಟ್ ಮಾಡ್ಕೊಂಡ್ರು."

ಮರುದಿನ ನಾನೇ ಡಾಕ್ಟರಿಗೆ ಹೇಳಿದೆ: ತಾನಾಗಿ ಹೋಗುವ ಸಂದೇಶಗಳನ್ನು ತೆಗೆಯೋಣ. ಸಮಯ ಆರಿಸುವುದಷ್ಟೇ ಫೋನಿನಲ್ಲಿ ಇರಲಿ. ಬುಕ್ ಆದ ಪ್ರತಿಯೊಬ್ಬರಿಗೂ ಸಿಸ್ಟರ್ ಕರೆ ಮಾಡಲಿ. ಬೆಳಗಿನ ಎರಡು ಗಂಟೆ ಅವರಿಗೆ ಬೇರೆ ಕೆಲಸ ಬೇಡ, ಉಪಕರಣ ಕುದಿಸಲು ಇನ್ನೊಬ್ಬರನ್ನು ಇಟ್ಟುಕೊಳ್ಳಿ. ಜಾಹೀರಾತನ್ನು ಅರ್ಧಕ್ಕೆ ಇಳಿಸೋಣ. ನನ್ನದೇ ಕೆಲಸವನ್ನು ಅರ್ಧ ಮಾಡಿ ಎಂದು ನಾನು ಕೇಳಿದ್ದು ಅದೇ ಮೊದಲು. ಡಾಕ್ಟರ್ ಒಪ್ಪಿದರು.

ಇನ್ನೊಂದು ಪ್ರಯೋಗವನ್ನೂ ಮಾಡಿದೆವು. ಹಲ್ಲು ಕೀಳಿಸಲು ಬರುವ ಮೊದಲು ಏನು ಮಾಡಬೇಕು ಎಂಬುದನ್ನು ಸಿಸ್ಟರ್ ದನಿಯಲ್ಲಿ ರೆಕಾರ್ಡ್ ಮಾಡುವುದು. ನಾನು ಒಂದು ಪುಟ ಬರೆದುಕೊಟ್ಟೆ. ಅವರು ಅದನ್ನು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಓದಿದರು. ಆರು ಸಲ ಓದಿಸಿದರೂ ಹಾಗೇ. ಕೊನೆಗೆ ಕಾಗದ ಮಡಚಿಟ್ಟು ಫೋನು ಅವರ ಕೈಗೆ ಕೊಟ್ಟು, ಆ ಕಡೆ ನಿಮ್ಮ ಅಕ್ಕ ಇದ್ದಾರೆ ಅಂದುಕೊಳ್ಳಿ ಎಂದೆ.

"ನಮ್ಮಕ್ಕಂಗೆ ಹೇಳಿದ್ರೆ ಕೇಳಲ್ಲ ಸಾರ್ ಅವಳು" ಎಂದರು. ಆದರೆ ತಕ್ಷಣ ಶುರು ಮಾಡಿದರು: "ತಿಂಡಿ ತಿಂದ್ಯಾ? ಮೊದ್ಲು ತಿನ್ನು. ಮಾತ್ರೆ ಚೀಟಿ ತಗೊಂಡ್ ಬಾ. ಒಬ್ಳೇ ಬರ್ಬೇಡ..." ಐವತ್ತು ಸೆಕೆಂಡಿನಲ್ಲಿ ಮುಗಿಯಿತು. ಡಾಕ್ಟರ್ ಕೇಳಿ ಒಂದೊಂದು ಮಾತನ್ನೂ ಪರೀಕ್ಷಿಸಿದರು. ಆಮೇಲೆ ತಮಿಳಿನಲ್ಲಿ, ತೆಲುಗಿನಲ್ಲಿ. ಈ ಸಲ ಮೂರನ್ನೂ ಮೂವರೂ ಕೂತು ಕೇಳಿ, ನಾನು ಮೂರು ಚೌಕಗಳಲ್ಲಿ ಮೂರು ಗುರುತು ಹಾಕಿದೆ.

ಆ ದನಿ ಬಡಾವಣೆಯ ಗುಂಪುಗಳಲ್ಲಿ ಸುತ್ತಿತು. ಎಲ್ಲೆಲ್ಲಿ ಎಂದು ನನಗೆ ಗೊತ್ತಿಲ್ಲ, ಅಳೆಯುವ ದಾರಿಯೂ ಇಲ್ಲ. ಹೊಳಲೂರಿನಿಂದ ಒಬ್ಬಾಕೆ ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಬಂದರು. ಅಲ್ಲೇ ಅಷ್ಟು ಕ್ಲಿನಿಕ್ ಇದೆಯಲ್ಲಮ್ಮಾ ಎಂದರೆ, "ಬೈದು ಹೇಳೋರು ಒಬ್ರು ಬೇಕಿತ್ತು ನಂಗೆ" ಎಂದರು. ಬುಕ್ ಮಾಡಿದವರಲ್ಲಿ ಬಾರದೆ ಉಳಿಯುವವರು ದಿನಕ್ಕೆ ಒಬ್ಬರೋ ಇಬ್ಬರೋ ಆದರು. ಎರಡನೇ ಕುರ್ಚಿಯ ಮೇಲಿನ ಬೆಡ್‌ಶೀಟ್ ಯಾವ ದಿನ ತೆಗೆದರು ಎಂದು ನಾನು ಬರೆದಿಟ್ಟಿಲ್ಲ. ಒಂದು ದಿನ ಹೋದಾಗ ಅದು ಹಿತ್ತಲಿನ ತಂತಿಯ ಮೇಲೆ ಒಣಗುತ್ತಿತ್ತು. ಇದೆಲ್ಲಕ್ಕೂ ಆ ಕರೆಗಳೇ ಕಾರಣ ಎಂದು ನಾನು ಸಾಧಿಸಲಾರೆ. ಮ್ಯಾಪಿನ ಗುರುತು ಸರಿಯಾಗಿತ್ತು, ವೆಬ್‌ಸೈಟಿನ ಪ್ರಶ್ನೋತ್ತರಗಳನ್ನು ಫೋನುಗಳು ಓದಿ ಹೇಳತೊಡಗಿದ್ದವು. ಆದರೆ ಅವೆಲ್ಲ ಮೊದಲೇ ಇದ್ದಾಗ ಜನ ಬಾಗಿಲವರೆಗೆ ಬಂದು ಹೋಗಿದ್ದರು ಎಂಬುದಂತೂ ದಾಖಲೆಯಲ್ಲಿದೆ.

ಕರಾರಿನ ಕೊನೆಯ ವಾರ. ಕಟ್ಟಡದ ಯಜಮಾನರು ಕಾಗದ ಕಳಿಸಿದ್ದರು. ಅದು ಸಹಿಯಿಲ್ಲದೆ ಡಾಕ್ಟರ ಮೇಜಿನ ಮೇಲಿತ್ತು. ಡಾಕ್ಟರ್ ಶಿವಮೊಗ್ಗದ ಆಸ್ಪತ್ರೆಗೆ ಏನು ಹೇಳುತ್ತಾರೋ ಸಿಸ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಎರಕದ ವಿಭಾಗದ ಆ ನಿವೃತ್ತರು ಹೆಂಡತಿಯೊಡನೆ ಬಂದರು. ಉಳಿದಿದ್ದ ಹಲ್ಲು ಕೀಳಿಸಲು.

"ತಿಂಡಿ ಆಯ್ತಾ ಅಣ್ಣಾ?" ಎಂದರು ಸಿಸ್ಟರ್.

"ಮೂರು ಇಡ್ಲಿ."

"ಐದು" ಎಂದರು ಹೆಂಡತಿ. "ನಾನೇ ಬಡಿಸಿದ್ದು. ಆಗಲೇ ಮರ್ತೋಯ್ತು ಇವರಿಗೆ."

ಅವತ್ತಿನ ಗಲಾಟೆಯಲ್ಲಿ ಅವರಿಂದ ಫಾರ್ಮ್ ತುಂಬಿಸಿರಲಿಲ್ಲ. ಸಿಸ್ಟರ್ ಬಿಡಲಿಲ್ಲ, ಪೆನ್ನು ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಬಹಳ ಹೊತ್ತು ಬರೆದರು. ಸಿಸ್ಟರ್ ಅದನ್ನು ಓದಿ ನಕ್ಕು ಒಳಗೆ ತೆಗೆದುಕೊಂಡು ಹೋದರು. ಡಾಕ್ಟರ್ ಓದಿದರು, ನಗಲಿಲ್ಲ. ಇನ್ನೊಂದು ಸಲ ಓದಿದರು. ಆಮೇಲೆ ಮೇಜಿನ ಮೇಲಿದ್ದ ಕರಾರಿನ ಕಾಗದವನ್ನು ಹತ್ತಿರ ಎಳೆದುಕೊಂಡು ಸಹಿ ಹಾಕಿದರು.

"ಸಿಸ್ಟರ್, ಶಿವಮೊಗ್ಗದೋರಿಗೆ ಫೋನ್ ಹಾಕಿ. ನಾನು ಮಾತಾಡ್ತೀನಿ" ಎಂದು ಕೈಗವಸು ಹಾಕಿಕೊಂಡರು. "ಬೇಡ, ಈಗಲ್ಲ. ಮೊದ್ಲು ಅಣ್ಣನ ಹಲ್ಲು."

ಫಾರ್ಮನ್ನು ನನ್ನ ಕೈಗೆ ಕೊಟ್ಟರು. ನಮ್ಮ ಬಗ್ಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಯ ಎದುರು, ಯಾವ ಚೌಕಕ್ಕೂ ಗುರುತು ಹಾಕದೆ ಆ ನಿವೃತ್ತರು ಬರೆದಿದ್ದರು: 'ಇಲ್ಲೇ ತಲೆ ಸುತ್ತಿ ಬಿದ್ದಿದ್ದೆ.' ಅದನ್ನು ಲೆಕ್ಕದಲ್ಲಿ 'ಇತರೆ' ಎಂದು ಸೇರಿಸಿದೆ. ಹಾಳೆಯ ಫೋಟೊ ತೆಗೆದಿಟ್ಟುಕೊಂಡಿದ್ದೇನೆ, ನೆನಪಿನ ಮೇಲೆ ಬಿಟ್ಟಿಲ್ಲ.